ತಾಲ್ಲೂಕು ಒತ್ತಿದರೆ ಚಾರ್ಟೂ ಬದಲಾಗಬೇಕೆ?

ಮೇಡಂ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಬೇರೆ ಬೇರೆ ಶೀಟು ಬೇಡ. ಮೆಕ್ಕೆಜೋಳದ ಬಿತ್ತನೆ ಲೆಕ್ಕವನ್ನೆಲ್ಲ ಒಂದೇ ಟೇಬಲ್‌ಗೆ ತಂದು, ತಾಲ್ಲೂಕಿನ ಹೆಸರು ಬರೆಯಲು ಒಂದೇ ಕಾಲಂ ಇಡಿ. ಎಕ್ಸೆಲ್‌ನಲ್ಲಿ ಅದರಿಂದಲೇ ಪಿವಟ್ ಟೇಬಲ್, ಪಿವಟ್ ಚಾರ್ಟ್ ಮಾಡಿ, ತಾಲ್ಲೂಕು ಆರಿಸುವ ಸ್ಲೈಸರ್ ಸೇರಿಸಿ. ಸ್ಲೈಸರ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ರಿಪೋರ್ಟ್ ಕನೆಕ್ಷನ್ಸ್’ನಲ್ಲಿ ಎಲ್ಲ ಪಿವಟ್‌ಗಳಿಗೂ ಟಿಕ್ ಹಾಕಿ. ಆಮೇಲೆ ಜಗಳೂರು ಒತ್ತಿದರೆ ಚಾರ್ಟು, ಪಟ್ಟಿ ಎರಡೂ ಜಗಳೂರಿನದೇ. ನಿಮ್ಮ ಎರಡನೆಯ ಪಿವಟ್ ‘ರಿಪೋರ್ಟ್ ಕನೆಕ್ಷನ್ಸ್’ನಲ್ಲಿ ಕಾಣದಿರುವುದು ಅದನ್ನು ಬೇರೆ ಡೇಟಾ ಮೂಲದಿಂದ ಮಾಡಿದ್ದರಿಂದ ಇರಬಹುದು. ಮೊದಲನೆಯದನ್ನೇ ಕಾಪಿ ಮಾಡಿ ಬದಲಿಸಿಕೊಳ್ಳಿ.

ನನಗೆ ಹೆಚ್ಚು ಚಿಂತೆ ನ್ಯಾಮತಿಯದು. ಅದು ಹೊನ್ನಾಳಿಯಿಂದ ಬೇರೆಯಾದ ಹೊಸ ತಾಲ್ಲೂಕು. ಹಳೆಯ ವರ್ಷಗಳ ಸಾಲುಗಳಲ್ಲಿ ಅದರ ಹಳ್ಳಿಗಳು ಹೊನ್ನಾಳಿಯ ಲೆಕ್ಕದಲ್ಲೇ ಇರುತ್ತವೆ. ಹಾಗೇ ಬಿಟ್ಟರೆ ಹೊನ್ನಾಳಿಯಲ್ಲಿ ಬಿತ್ತನೆಯೇ ಕುಸಿದಂತೆ ಚಾರ್ಟ್ ತೋರಿಸುತ್ತದೆ. ಹಳ್ಳಿವಾರು ತಿದ್ದಿ, ನಂತರ ರಿಫ್ರೆಶ್ ಮಾಡಿ.