ಗೋಥಿಕ್ ಕಥೆಗಳನ್ನು ಅಂತರ್ಜಾಲದಲ್ಲಿ ಓದುವವರ ಗಮನಕ್ಕೆ

ಬಾಗಳಿ ಹಾಗೂ ಸುತ್ತಲ ಊರುಗಳ ಓದುಗರಿಗೆ, ಮುಖ್ಯವಾಗಿ ಇಂಗ್ಲಿಷ್ ಸಾಹಿತ್ಯ ಓದುವ ಪದವಿ ವಿದ್ಯಾರ್ಥಿಗಳಿಗೆ ಸೂಚನೆ: ಪಾಳುಕೋಟೆ, ಶಾಪ, ರಕ್ತಪಿಶಾಚಿಗಳ ಹಳೆಯ ಕಾದಂಬರಿಗಳು ಕಾನೂನುಬದ್ಧವಾಗಿಯೇ ಪುಕ್ಕಟೆ ಸಿಗುತ್ತವೆ. ಕದ್ದ ಪ್ರತಿಗೆ ಕೈ ಹಾಕುವ ಅಗತ್ಯವಿಲ್ಲ.

ಮಾಡಬೇಕಾದ್ದು

1. ಲೇಖಕರು ತೀರಿಕೊಂಡ ವರ್ಷವನ್ನು ಮೊದಲು ನೋಡಿ. ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ ಇರುತ್ತದೆ. ಮೇರಿ ಶೆಲ್ಲಿ (1851), ಬ್ರಾಮ್ ಸ್ಟೋಕರ್ (1912) ಅವರ ಕೃತಿಗಳು ಈಗ ಎಲ್ಲರ ಸ್ವತ್ತು.

2. ಇಂಗ್ಲಿಷ್ ಮೂಲಕ್ಕೆ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣಕ್ಕೆ ಹೋಗಿ. ನೆಟ್‌ವರ್ಕ್ ಕೈಕೊಟ್ಟರೆ ಬರೀ ಅಕ್ಷರಗಳಿರುವ ಟೆಕ್ಸ್ಟ್ ಫೈಲ್ ಇಳಿಸಿಕೊಳ್ಳಿ. ಇಡೀ ‘ಡ್ರಾಕುಲಾ’ ಒಂದು ಎಂಬಿಯೊಳಗೆ ಬರುತ್ತದೆ.

3. ಎಡ್ಗರ್ ಅಲನ್ ಪೋ ಅವರ ಸಣ್ಣಕಥೆಗಳಿಂದ ಶುರು ಮಾಡಿ. ಇಂಗ್ಲಿಷ್ ತೊಡಕೆನಿಸಿದರೆ ಲಿಬ್ರಿವಾಕ್ಸ್‌ನ ಉಚಿತ ಧ್ವನಿಮುದ್ರಿಕೆ ಕೇಳುತ್ತಾ ಪುಟದ ಮೇಲೆ ಕಣ್ಣಾಡಿಸಿ.

4. ‘ಫ್ರಾಂಕೆನ್‌ಸ್ಟೈನ್’ 1818ರ ಪ್ರತಿಯೋ, ಮೇರಿ ಶೆಲ್ಲಿಯೇ ತಿದ್ದಿದ 1831ರ ಪ್ರತಿಯೋ ನೋಡಿಕೊಳ್ಳಿ. ಪರೀಕ್ಷೆಗೆ ಓದುವವರು ಉಪನ್ಯಾಸಕರನ್ನು ಕೇಳಿಯೇ ಆರಿಸಿ.

5. ಜನ್ನನ ‘ಯಶೋಧರ ಚರಿತೆ’ಯನ್ನೂ (1209) ಜೊತೆಗಿಟ್ಟು ಓದಿ. ಬಲಿಗಾಗಿ ಎಳೆಯ ಅಣ್ಣತಂಗಿಯರನ್ನು ಹಿಡಿದು ತರುವ ಚಂಡಮಾರಿಯ ಗುಡಿ ಯಾವ ಗೋಥಿಕ್ ಕೋಟೆಗೂ ಕಡಿಮೆಯಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಕನ್ನಡ ಪುಸ್ತಕ ಹುಡುಕುವಾಗ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಕೊಡಿ.

ಮಾಡಬಾರದ್ದು

1. ಹಳೆಯದೆಲ್ಲ ಉಚಿತ ಎಂದುಕೊಳ್ಳಬೇಡಿ. ‘ರೆಬೆಕಾ’ 1938ರದು, ಆದರೆ ಅದರ ಲೇಖಕಿ ಡ್ಯಾಫ್ನೆ ಡು ಮಾರಿಯೇ ತೀರಿಕೊಂಡದ್ದು 1989ರಲ್ಲಿ. ಅದರ ಹಕ್ಕು 2049ರ ಕೊನೆಯವರೆಗೂ ಇದೆ.

2. ಮೂಲ ಮುಕ್ತವೆಂದು ಇತ್ತೀಚಿನ ಅನುವಾದವನ್ನೂ ಹಂಚಬೇಡಿ. ಅನುವಾದಕರ ಹಕ್ಕು ಬೇರೆ. ಜನ್ನನ ಪದ್ಯ ಮುಕ್ತ, ಇಂದಿನವರು ಬರೆದ ಗದ್ಯಾನುವಾದ ಅಲ್ಲ.

3. ಟೆಲಿಗ್ರಾಂ ಗುಂಪಿನಲ್ಲಿ ಬಂದ ಪಿಡಿಎಫ್ ಮುಂದಕ್ಕೆ ಕಳಿಸಬೇಡಿ. ಪುಸ್ತಕದ ಹೆಸರಿನಲ್ಲಿ ಬರುವ ಎಪಿಕೆ ಫೈಲ್ ತೆರೆಯಲೇಬೇಡಿ.

4. ಒಟಿಪಿ, ಬ್ಯಾಂಕ್ ವಿವರ ಕೊಡಬೇಡಿ. ಗುಟೆನ್‌ಬರ್ಗ್‌ನಲ್ಲಿ ಪುಸ್ತಕ ಇಳಿಸಿಕೊಳ್ಳಲು ಖಾತೆಯೂ ಬೇಡ, ಕಾಸೂ ಬೇಡ. ಕೇಳಿದರೆ ಅದು ನಕಲಿ ತಾಣ, ಹೊರಬನ್ನಿ.

5. ಓದಿದ ಹುಮ್ಮಸ್ಸಿನಲ್ಲಿ ಬಾಗಳಿಯ ಕಲ್ಲೇಶ್ವರ ಗುಡಿಗೆ ಹೋಗಿ ದೆವ್ವದ ರೀಲ್ಸ್ ಮಾಡಬೇಡಿ. ಅದು 987ರ ಶಾಸನವಿರುವ, ಚಾಲುಕ್ಯರ ಕಾಲದ ಸಂರಕ್ಷಿತ ಸ್ಮಾರಕ.

ಹಕ್ಕು ಮುಗಿದದ್ದನ್ನು ಧಾರಾಳವಾಗಿ ಓದಿ, ಹಂಚಿ. ಹಕ್ಕು ಇರುವುದನ್ನು ಕೊಂಡು ಓದಿ, ಇಲ್ಲವೇ ಗ್ರಂಥಾಲಯದಲ್ಲಿ ಕೇಳಿ ಪಡೆಯಿರಿ.