ಮುಂಜಾನೆ ಏಳಲಾಗದವರು



ಭಾನುವಾರದ ಪೂಜೆ ಮುಗಿದ ಮೇಲೆ ಚಹಾ ಕುಡಿಯುತ್ತ ನಿಂತಾಗ ನಮ್ಮ ಕಿವಿಗೆ ಬೀಳುವ ದೂರುಗಳಲ್ಲಿ ಇದೂ ಒಂದು: "ನಮ್ಮ ಹುಡುಗ ಹತ್ತಾದ್ರೂ ಏಳಂಗಿಲ್ರೀ. ಕುಂಭಕರ್ಣ ಆಗ್ಯಾನ. ನೀವರ ಒಂದೀಟು ಬುದ್ಧಿ ಹೇಳ್ರಿ." ಉಮರ್ಗಾದಲ್ಲಿ ಒಬ್ಬ ತಾಯಿ ಕನ್ನಡದಲ್ಲಿ ಹೇಳಿದ ಈ ಮಾತನ್ನೇ ನಿಲಂಗಾ, ಉದಗೀರಿನ ತಾಯಂದಿರ ಬಾಯಲ್ಲಿ ಮರಾಠಿಯಲ್ಲೂ ಕೇಳಿದ್ದೇವೆ. ಬಹಳ ದಿನ ನಾವೂ ಇದನ್ನು ಸೋಮಾರಿತನವೆಂದೇ ತಿಳಿದು ಉಪದೇಶ ಮಾಡಿದೆವು. ಆ ಉಪದೇಶ ಕೇಳಿ ಬೇಗ ಏಳತೊಡಗಿದವರು ಒಬ್ಬರೂ ನೆನಪಿಗೆ ಬರುತ್ತಿಲ್ಲ. ಆಮೇಲೆ, "ಯಾಕೆ ಏಳುವುದಿಲ್ಲ" ಎನ್ನುವುದನ್ನು ಬಿಟ್ಟು "ಯಾವಾಗ ಮಲಗುತ್ತೀರಿ" ಎಂದು ಕೇಳತೊಡಗಿದೆವು. ಬಂದ ಉತ್ತರಗಳೇ ಬೇರೆ.

ಮೊದಲನೆಯದು ಹೊಲದ ಉತ್ತರ. ನಮ್ಮ ರಾಜ್ಯದಲ್ಲಿ ಹೊಲದ ಮೋಟರಿಗೆ ತ್ರೀ ಫೇಸ್ ಕರೆಂಟು ಹಗಲಾದರೆ 8 ಗಂಟೆ, ರಾತ್ರಿಯಾದರೆ 10 ಗಂಟೆ ಎಂದು ಸರದಿಯ ಮೇಲೆ ಕೊಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಹಗಲಲ್ಲೇ ಕೊಡಬೇಕೆಂದು 2017ರಲ್ಲಿ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ ಶುರುವಾಯಿತು. ಆದರೂ ಕಡಲೆ, ಗೋಧಿ, ಕಬ್ಬಿಗೆ ನೀರು ಬಿಡಲು ನಡುರಾತ್ರಿ ಬ್ಯಾಟರಿ ಹಿಡಿದು ಹೋಗುವವರು ನಮ್ಮ ನಡುವೆ ಇನ್ನೂ ಇದ್ದಾರೆ. ರಾತ್ರಿ ಎರಡಕ್ಕೆ ಹಾವಿಗೆ ಹೆದರುತ್ತ ಸಾಲಿನಲ್ಲಿ ನಿಂತು ಬಂದವನು ಬೆಳಿಗ್ಗೆ ಎಂಟಕ್ಕೆ ಮಲಗಿದ್ದರೆ ಅದಕ್ಕೆ ಸೋಮಾರಿತನ ಎನ್ನಬಹುದೇ? ಉಮರ್ಗಾದ ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿ ಓಡಿಸುವವರದು, ಧಾಬಾಗಳಲ್ಲಿ ದುಡಿಯುವ ಹುಡುಗರದು ಇದೇ ಕಥೆ.

ಎರಡನೆಯದು ಪುಸ್ತಕದ ಉತ್ತರ. ಉದಗೀರು, ನಿಲಂಗಾದ ಮಕ್ಕಳು "ಲಾತೂರು ಪ್ಯಾಟರ್ನ್" ಹೆಸರಿನ ಹಿಂದೆ ಲಾತೂರಿಗೆ ಹೋಗಿ ರೂಮು ಮಾಡಿ, ರಾತ್ರಿ ಎರಡರವರೆಗೆ ಓದುತ್ತಾರೆ. ರಜೆಗೆ ಊರಿಗೆ ಬಂದಾಗ ಪುಸ್ತಕ ಹೋಗಿ ಮೊಬೈಲು ಬರುತ್ತದೆ, ಹೊತ್ತು ಮಾತ್ರ ಅದೇ ಇರುತ್ತದೆ.

ಮೂರನೆಯದನ್ನು ಹಿರಿಯರು ತಾವಾಗಿ ಹೇಳುವುದಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, 3 ಗಂಟೆ 56 ನಿಮಿಷಕ್ಕೆ, ಕಿಲ್ಲಾರಿಯ ಭೂಕಂಪ ಆಯಿತು. ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ ಕಲ್ಲುಗೋಡೆಗಳು ಬಿದ್ದು ಸುಮಾರು 10 ಸಾವಿರ ಮಂದಿ ಸತ್ತರು. ಬದುಕಿ ಉಳಿದವರು ಎಷ್ಟೋ ದಿನ ಸೂರಿನ ಕೆಳಗೆ ಮಲಗಲು ಹೆದರಿ ಅಂಗಳದಲ್ಲೇ ಕಾಲ ಕಳೆದರು. ಈಗಲೂ ನಾಲ್ಕರ ಸುಮಾರಿಗೆ ಎಚ್ಚರವಾಗಿ, ಬೆಳಕು ಹರಿಯುವವರೆಗೆ ಕಾದು, ಆಮೇಲೆ ನಿದ್ದೆ ಹೋಗುವ ಒಬ್ಬ ಅಜ್ಜಿಯನ್ನು ನಾವು ಬಲ್ಲೆವು. ಸೊಸೆಯ ಕಣ್ಣಿಗೆ ಆಕೆ "ಒಂಬತ್ತರ ತನಕ ಮಲಗುವ ಮುದುಕಿ".

ಇನ್ನು ಶರೀರದ ವಿಷಯ. ನಮ್ಮ ಮಿದುಳಿನೊಳಗೆ ಒಂದು ಗಡಿಯಾರವಿದೆ. ಅದು ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಸಿಕ್ಕಿತು. ಹೆಚ್ಚಿನವರಲ್ಲಿ ಈ ಗಡಿಯಾರದ ಒಂದು ದಿನ 24 ಗಂಟೆಗಿಂತ ತುಸು ಉದ್ದ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ಭೂವಿಜ್ಞಾನಿ ಕೈಗಡಿಯಾರವಿಲ್ಲದೆ ಎರಡು ತಿಂಗಳು ಗವಿಯಲ್ಲಿದ್ದು ಸೆಪ್ಟೆಂಬರ್ 14ರಂದು ಹೊರಬಂದ. ಅವನ ಲೆಕ್ಕದಲ್ಲಿ ಅದು ಇನ್ನೂ ಆಗಸ್ಟ್ 20. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮೊಬೈಲಿನ ಬೆಳಕಲ್ಲಿ ಇರುವ ನಮ್ಮ ಹುಡುಗನೂ ಒಂದು ಬಗೆಯ ಗವಿಯಲ್ಲೇ ಇದ್ದಾನೆ. ಹರೆಯದಲ್ಲಿ ಈ ಗಡಿಯಾರ ತಾನಾಗಿಯೇ ಇನ್ನಷ್ಟು ತಡವಾಗುತ್ತದೆ. ಅದನ್ನು ದಿನದಿನವೂ ಹಿಂದಕ್ಕೆ ಎಳೆದು ಸರಿಹೊಂದಿಸುವುದು ಮುಂಜಾನೆಯ ಬಿಸಿಲು. ತಡವಾಗಿ ಎದ್ದವನಿಗೆ ಆ ಬಿಸಿಲೇ ತಪ್ಪುತ್ತದೆ, ಹಾಗಾಗಿ ಮರುದಿನ ಇನ್ನೂ ತಡ.

ಆದ್ದರಿಂದ "ಇವತ್ತು ಒಂಬತ್ತಕ್ಕೇ ಮಲಗು" ಎಂದು ಗದರಿಸಿ ಫಲವಿಲ್ಲ. ಬಾರದ ನಿದ್ದೆಯನ್ನು ಹುಕುಂ ಮಾಡಿ ತರಿಸಲಾಗದು. ನಮ್ಮ ಕೈಯಲ್ಲಿರುವುದು ಏಳುವ ಹೊತ್ತು. ಹತ್ತಕ್ಕೆ ಏಳುವವನು ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆಯಷ್ಟು ಮುಂಚೆ ಏಳಲಿ, ಒಮ್ಮೆಲೇ ಆರಕ್ಕೆ ಬೇಡ. ಎದ್ದೊಡನೆ ಅಂಗಳಕ್ಕೆ ಬಂದು ಅರ್ಧ ಗಂಟೆ ಬೆಳಕಿನಲ್ಲಿರಲಿ. ಮೋಡವಿದ್ದರೂ ಹೊರಗಿನ ಬೆಳಕು ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಹೆಚ್ಚು. ರಾತ್ರಿ ನಿದ್ದೆ ಕೆಟ್ಟರೂ ಮರುದಿನ ಅದೇ ಹೊತ್ತಿಗೆ ಏಳಬೇಕು, ರಜೆಯ ದಿನವೂ. ಇಲ್ಲೇ ಎಲ್ಲರೂ ಸೋಲುವುದು. ತೂಕಡಿಕೆ ಬಂದರೆ ಮಧ್ಯಾಹ್ನ ಮೂರರೊಳಗೆ ಇಪ್ಪತ್ತು ಮೂವತ್ತು ನಿಮಿಷ ಮಲಗಲಿ. ಸಂಜೆ ನಾಲ್ಕರ ನಂತರದ ಚಹಾ ಬಿಡಬೇಕು (ನಮ್ಮ ಸೀಮೆಯಲ್ಲಿ ಇದನ್ನು ಹೇಳುವುದೇ ಕಷ್ಟ). ಮೊಬೈಲು ರಾತ್ರಿ ಪಡಸಾಲೆಯಲ್ಲಿರಲಿ, ಅಪ್ಪನದೂ. ಬೇಗ ಎಬ್ಬಿಸುವ ಭರದಲ್ಲಿ ನಿದ್ದೆಗೇ ಕತ್ತರಿ ಹಾಕಬಾರದು: ಹರೆಯದವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕಡಿಮೆಯೆಂದರೆ 7 ಗಂಟೆ ಬೇಕೇ ಬೇಕು.

ರಾತ್ರಿ ನೀರು ಬಿಡುವವರಿಗೆ ಈ ಪಾಠ ಒಗ್ಗದು. ಅವರು ಹೋಗುವ ಮುಂಚೆ ಸಂಜೆಯೇ ಒಂದಿಷ್ಟು ಮಲಗಲಿ. ಬಂದೊಡನೆ ಕತ್ತಲೆಯ ಕೋಣೆಯಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡಾದರೂ ಮಲಗಲಿ. ಆ ನಿದ್ದೆಯನ್ನು ಕಾಯುವುದು ಮನೆಯವರ ಕೆಲಸ. ಗಿರಣಿಗೆ ಹೋಗು, ಹಾಲು ಹಾಕಿ ಬಾ ಎಂದು ಒಂಬತ್ತಕ್ಕೆ ಎಬ್ಬಿಸಬೇಡಿ. ಅರೆನಿದ್ದೆಯಲ್ಲಿ ಬೈಕು ಹತ್ತಲು, ಮೋಟರಿನ ಸ್ವಿಚ್ಚು ಮುಟ್ಟಲು ಬಿಡಲೇಬೇಡಿ. ಹಗಲು ಪಾಳಿ ಬಂದ ದಿನಗಳಲ್ಲಿ ಅವರೂ ಒಂದೇ ಹೊತ್ತಿಗೆ ಏಳಲಿ.

ಆದರೆ ಒಂಬತ್ತು ಹತ್ತು ಗಂಟೆ ಮಲಗಿಯೂ ವಾರಗಟ್ಟಲೆ ದಣಿವು ಹೋಗದಿದ್ದರೆ ಡಾಕ್ಟರರ ಬಳಿ ಹೋಗಬೇಕು. ರಕ್ತ ಕಡಿಮೆ ಇರಬಹುದು, ಥೈರಾಯಿಡ್ ಇರಬಹುದು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಲ್ಲುವವರು ರಾತ್ರಿಯೆಲ್ಲ ಮಲಗಿದರೂ ನಿದ್ದೆ ಮಾಡಿರುವುದಿಲ್ಲ. ಶೀತಕ್ಕೆ, ತುರಿಕೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ.

ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚುವುದು ಇನ್ನೊಂದು. ಬೆಳೆ ಕೈಕೊಟ್ಟ ವರ್ಷ, ಸಾಲ ಮೈಮೇಲೆ ಬಂದಾಗ, ಪರೀಕ್ಷೆಯಲ್ಲಿ ಅಂಕ ಬಾರದೆ ಹೋದಾಗ, ಕೆಲವರು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾರೆ. ಊಟ ಬೇಡ, ಮಾತು ಬೇಡ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸಾವನ್ನು ಬೇಡಿಕೊಂಡು ಗಿಡದ ಕೆಳಗೆ ಹೀಗೆಯೇ ಮಲಗುತ್ತಾನೆ. ಬಂದ ದೇವದೂತ ಬೈಯುವುದಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ತೋರಿಸುತ್ತಾನೆ. ತಿಂದು ಮತ್ತೆ ಮಲಗಿದವನನ್ನು ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸಿದ ಮೇಲೆಯೇ ಅವನಿಗೆ ದಾರಿ ನಡೆಯುವ ಬಲ ಬರುತ್ತದೆ. ನಿಮ್ಮ ಮನೆಯಲ್ಲಿ ಹೀಗೆ ಮಲಗಿದವರಿದ್ದರೆ ಬುದ್ಧಿ ಹೇಳುವುದನ್ನು ಬಿಟ್ಟು ಪಕ್ಕದಲ್ಲಿ ಕುಳಿತು ಮಾತಾಡಿಸಿ, ಡಾಕ್ಟರರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ನಂಬರು 14416; ಹಗಲು ರಾತ್ರಿ ಯಾವಾಗಲೂ ಉಚಿತ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.

ಮೊದಲು ಹೇಳಿದ ಆ ಉಮರ್ಗಾದ ಹುಡುಗನ ಮನೆಗೆ ನಾವು ಹೋಗಿ ಬಂದೆವು. ಕಾರಣ ಮೊಬೈಲೊಂದೇ ಆಗಿರಲಿಲ್ಲ. ಅಪ್ಪನಿಗೆ ಬೆನ್ನುನೋವು, ರಾತ್ರಿ ನೀರು ಬಿಡಲು ಹೋಗುತ್ತಿದ್ದವನು ಇವನೇ. ಅವ್ವನಿಗೆ ಅದು ಗೊತ್ತಿತ್ತು, ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೇ. ಈಗ ಪಾಳಿಯಿಲ್ಲದ ದಿನಗಳಲ್ಲಿ ಏಳೂವರೆಗೆ ಏಳುತ್ತಿದ್ದಾನೆ. ಆರು ಗಂಟೆಗೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಏಳೂವರೆ ಸಾಕು ಎಂದು ಅವ್ವನಿಗೆ ಹೇಳಿ ಬಂದಿದ್ದೇವೆ.