ಕಾಯಿಲೆ ಬರದಿದ್ದರೆ ಕಟ್ಟಿದ ದುಡ್ಡು ದಂಡವೇ?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತೇವೆ. ಹೋದ ವರ್ಷ ಡೈರಿಯ ಸೆಕ್ರೆಟರಿ ಹೇಳಿದರೆಂದು, ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಗೆ ದುಡ್ಡು ಕಟ್ಟಿದೆವು. ದೇವರ ದಯೆ, ಯಾರೂ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ಈ ಸಲ ಯಜಮಾನರು "ದಂಡ ಕಟ್ಟೋದು ಬೇಡ" ಅನ್ನುತ್ತಾರೆ. ಅತ್ತೆ "ಕಾಯಿಲೆಗೆ ಮುಂಗಡ ಕೊಟ್ಟು ಕರೆದ ಹಾಗಾಯ್ತು, ಅಪಶಕುನ" ಅನ್ನುತ್ತಾರೆ. ಬಿಡಲು ನನಗೆ ಭಯ. ಅವರಿಗೆ ಹೇಳದೆ ಸ್ತ್ರೀಶಕ್ತಿ ಸಂಘದ ನನ್ನ ಉಳಿತಾಯದಿಂದ ಕಟ್ಟಿಬಿಡಲೇ?
– ಹೆಸರು ಬೇಡ

ಉತ್ತರ: ಕದ್ದು ಕಟ್ಟಬೇಡಿ ತಾಯಿ. ನಾಳೆ ನೀವೇ ಹಾಸಿಗೆ ಹಿಡಿದರೆ, ಕಾರ್ಡ್ ಎಲ್ಲಿದೆ, ಯಾವ ಆಸ್ಪತ್ರೆಗೆ ಒಯ್ಯಬೇಕು ಎಂದು ಗೊತ್ತಿರಬೇಕಾದದ್ದು ಮನೆಯವರಿಗೇ.

ಹೋದ ವರ್ಷ ನೀವು ಸೇರಿದ್ದು ಸೆಕ್ರೆಟರಿಯ ಮುಖ ನೋಡಿ. ತಪ್ಪೇನಿಲ್ಲ, ಹೆಚ್ಚಿನವರು ಸೇರುವುದೇ ಹಾಗೆ. 2003ರಲ್ಲಿ ಯಶಸ್ವಿನಿ ಜಾರಿಗೆ ಬಂದಾಗ ತಲೆಗೆ ವರ್ಷಕ್ಕೆ 60 ರೂಪಾಯಿ. ಆಗ ಷರತ್ತು ಓದಿ ಸೇರಿದವರು ಎಷ್ಟು ಮಂದಿಯೋ! ದಿನಾ ಹಾಲು ಅಳೆದುಕೊಳ್ಳುವ ಡೈರಿ, ಬೆಳೆಸಾಲ ಕೊಡುವ ಸೊಸೈಟಿಗಳೇ ರಸೀದಿ ಹರಿದುಕೊಟ್ಟವು; ನಂಬಿದರು. ಪಕ್ಕದ ಮನೆಯವರು ಹೊಲ ಅಡವಿಡದೆ ಆಪರೇಷನ್ ಮಾಡಿಸಿಕೊಂಡು ಬಂದದ್ದನ್ನು ಕಂಡು ಇನ್ನಷ್ಟು ಮಂದಿ ಸೇರಿದರು.

ಮುಖ ನೋಡಿ ಸೇರಿದವರು, ಒಂದು ವರ್ಷ ಏನೂ ಆಗದಿದ್ದರೆ ಬಿಡುವುದೂ ಅಷ್ಟೇ ಸುಲಭ. ನಿಮ್ಮ ಯಜಮಾನರನ್ನು ಒಂದು ಮಾತು ಕೇಳಿ: ಹಸುಗಳ ಕಿವಿಗೆ ವಿಮೆಯ ಓಲೆ ಹಾಕಿಸಿದ್ದೀರಾ? ಹಾಕಿಸಿದ್ದರೆ, ವರ್ಷ ಪೂರ್ತಿ ಹಸು ಸಾಯಲಿಲ್ಲವಲ್ಲ ಎಂದು ಯಾವತ್ತಾದರೂ ಪೇಚಾಡಿದ್ದೀರಾ? ಓಲೆ ಹಾಕಿದ ದಿನ ಅತ್ತೆಯವರೂ ಅಪಶಕುನ ಅಂದಿರಲಾರರು. (ಇದನ್ನು ಮಾತ್ರ ಸ್ವಲ್ಪ ನಗುನಗುತ್ತಾ ಕೇಳಿ.)

"ಬೇಕಾದಾಗ ಸೇರಿದರಾಯ್ತು" ಅನ್ನುವ ಮಾತು ನಡೆಯುವುದಿಲ್ಲ. ಹೆಸರು ಬರೆಸಲು ಗಡುವು ಇರುತ್ತದೆ. ದಾಟಿದರೆ ಮುಂದಿನ ಸಲದವರೆಗೆ ಕಾಯಬೇಕು. ಕಾಯಿಲೆಯವರಷ್ಟೇ ಸೇರಿದರೆ ನಿಧಿ ಬರಿದಾಗುತ್ತದೆ, ಅದಕ್ಕೇ ಮನೆಮಂದಿಯನ್ನೆಲ್ಲ ಒಟ್ಟಿಗೆ ಸೇರಿಸಿಕೊಳ್ಳುವುದು.

ಯಜಮಾನರ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗದು. ನಡುವೆ ನಿಂತಿದ್ದ ಯಶಸ್ವಿನಿ 2022ರಲ್ಲಿ ಮತ್ತೆ ಶುರುವಾದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ ವಂತಿಗೆ ಇಟ್ಟು, ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಎಂದರು. ಆದರೆ ಅದು ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಒಪ್ಪಂದ ಮಾಡಿಕೊಂಡ ಆಸ್ಪತ್ರೆಯಲ್ಲಿ ಮಾತ್ರ. ಜ್ವರ, ಕೆಮ್ಮಿಗೆ ಬರೆದುಕೊಟ್ಟ ಗುಳಿಗೆಯ ದುಡ್ಡು ನಿಮ್ಮದೇ. ಇದನ್ನು ಮೊದಲೇ ಬಿಡಿಸಿ ಹೇಳದೆ ದುಡ್ಡು ಎತ್ತುವುದರಿಂದಲೇ ಎಷ್ಟೋ ಮನೆಗಳಲ್ಲಿ "ಮೋಸ" ಅನ್ನುವ ಮಾತು ಹುಟ್ಟುವುದು.

ನಿಮ್ಮದು ಯಾವ ರೇಷನ್ ಕಾರ್ಡ್ ಎಂದು ಬರೆದಿಲ್ಲ. ಬಿಪಿಎಲ್ ಆಗಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ವಂತಿಗೆಯಿಲ್ಲದೆಯೇ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ರಕ್ಷಣೆ ಇದೆ. ಆಗ ಯಶಸ್ವಿನಿಯಿಂದ ಹೆಚ್ಚಿಗೆ ಏನು ಸಿಗುತ್ತದೆ ಎಂದು ಕೇಳಿಯೇ ಕಟ್ಟಿ. ಎಪಿಎಲ್ ಆದರೆ ಆ ಯೋಜನೆಯಲ್ಲಿ ಸರ್ಕಾರ ಭರಿಸುವುದು ನಿಗದಿತ ವೆಚ್ಚದ ಶೇ. 30ರಷ್ಟೇ, ಹಾಗಾಗಿ ಯಶಸ್ವಿನಿ ಬಿಡಬೇಡಿ ಅನ್ನುತ್ತೇನೆ. ಮುಂದಿನ ಬಟವಾಡೆಯ ದಿನ ಯಜಮಾನರನ್ನೂ ಡೈರಿಗೆ ಕರೆದುಕೊಂಡು ಹೋಗಿ. ಹತ್ತಿರದ ಒಪ್ಪಂದದ ಆಸ್ಪತ್ರೆ ಯಾವುದು, ಅತ್ತೆಯವರ ವಯಸ್ಸಿಗೆ ಬರುವ ಕಣ್ಣಿನ ಪೊರೆ, ಗರ್ಭಕೋಶದ ತೊಂದರೆ ಪಟ್ಟಿಯಲ್ಲಿವೆಯೇ ಎಂದು ಸೆಕ್ರೆಟರಿಯನ್ನು ಅವರೇ ಕೇಳಲಿ.